ಟೈಟಾನಿಯಂ ಸೈಕಲ್: ಮುಂಗಡ ಕೊಡುವ ಮುನ್ನ ಕರಾವಳಿಯ ಸವಾರರು ಅರಿಯಬೇಕಾದುದು

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ, ಅದರಲ್ಲೂ ಕಡಲಿಗೆ ಅಂಟಿಕೊಂಡಿರುವ ಕಾಪುವಿನಂತಹ ಊರಿನಲ್ಲಿ, ಉಕ್ಕಿನ ಸೈಕಲ್ಲಿಗೆ ತುಕ್ಕು ಹಿಡಿಯಲು ಬಹಳ ಕಾಲ ಬೇಕಿಲ್ಲ. ತುಕ್ಕಿಗೆ ಜಗ್ಗದ ಟೈಟಾನಿಯಂ ಇಲ್ಲಿನ ಸವಾರರನ್ನು ಸೆಳೆಯುವುದು ಸಹಜ. ಆದರೆ ಮೋಟಾರ್ ಸೈಕಲ್ಲಿನ ಬೆಲೆಯನ್ನೂ ಮೀರಬಹುದಾದ ಈ ಖರೀದಿಯಲ್ಲಿ ಲೋಹಕ್ಕಿಂತ ಅದನ್ನು ಬೆಸೆಯುವ ಕೈಗೇ ಹೆಚ್ಚು ಬೆಲೆ.

ಟೈಟಾನಿಯಂ ಘನ ಸೆಂಟಿಮೀಟರಿಗೆ 4.5 ಗ್ರಾಂ ತೂಗುತ್ತದೆ; ಉಕ್ಕು 7.8 ಗ್ರಾಂ. ಫ್ರೇಮಿನ ಕೊಳವೆಗಳಿಗೆ ಸಾಮಾನ್ಯವಾಗಿ ಶೇ. 3 ಅಲ್ಯೂಮಿನಿಯಂ, ಶೇ. 2.5 ವೆನೇಡಿಯಂ ಬೆರೆತ ಮಿಶ್ರಲೋಹವನ್ನು ಬಳಸುತ್ತಾರೆ. ಇದರ ಅದಿರು ನಮ್ಮದೇ ಪಶ್ಚಿಮ ಕರಾವಳಿಯ ಮರಳಿನಲ್ಲಿದೆ. ಕೇರಳದ ಚವರದಲ್ಲಿ 2011ರಲ್ಲಿ ಟೈಟಾನಿಯಂ ಸ್ಪಾಂಜ್ ಘಟಕವೂ ಆರಂಭವಾಯಿತು. ಅದರ ಗುರಿ ಬಾಹ್ಯಾಕಾಶ, ರಕ್ಷಣಾ ಕ್ಷೇತ್ರಗಳು. ಸೈಕಲ್ಲಿಗಾಗಿ ಹೆಸರಾದ ಕಮ್ಮಟಗಳು ಅಮೆರಿಕದ ಮೂಟ್ಸ್, 1997ರಲ್ಲಿ ಆರಂಭವಾದ ಸೆವೆನ್, 2006ರ ಲಿನ್‌ಸ್ಕಿ ಮುಂತಾದವು.

ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಪೆಡಸಾಗುತ್ತದೆ. ಆದ್ದರಿಂದ ಬೆಸುಗೆಯ ವೇಳೆ ಹೊರಗಷ್ಟೇ ಅಲ್ಲದೆ ಕೊಳವೆಯ ಒಳಗೂ ಆರ್ಗಾನ್ ಅನಿಲ ತುಂಬಿರಬೇಕು. ಬೆಸುಗೆ ಬೆಳ್ಳಿಯ ಬಣ್ಣದಲ್ಲಿ ಅಥವಾ ತಿಳಿ ಹುಲ್ಲಿನ ಬಣ್ಣದಲ್ಲಿದ್ದರೆ ಉತ್ತಮ. ಕಡುನೀಲಿ ಸಂಶಯಾಸ್ಪದ, ಪುಡಿಪುಡಿಯಾದ ಬೂದು ಬಣ್ಣ ಅಪಾಯದ ಗುರುತು. ಹೊಳಪು ಕೊಟ್ಟ ಮೇಲೆ ಈ ಸಾಕ್ಷ್ಯ ಅಳಿಸಿಹೋಗುವುದರಿಂದ, ಅದಕ್ಕೆ ಮೊದಲೇ ತೆಗೆದ ಚಿತ್ರಗಳನ್ನು ಕೇಳುವುದು ಜಾಣತನ. ಕೊಡಲೊಪ್ಪದ ತಯಾರಕನಿಗೆ ಮುಂಗಡ ಕೊಡದಿರುವುದೇ ಲೇಸು.

ಮುಂದೆ ಬಿರುಕು ಬಿಟ್ಟರೆ ಊರಿನ ಸಾಮಾನ್ಯ ವೆಲ್ಡಿಂಗ್ ಅಂಗಡಿಯಲ್ಲಿ ಇದರ ದುರಸ್ತಿಯಾಗದು. ಫ್ರೇಮ್ ಮತ್ತೆ ಕಡಲು ದಾಟಬೇಕು. ಆ ಸಾಗಣೆ ವೆಚ್ಚ ಯಾರದೆಂಬುದು ಲಿಖಿತವಾಗಿರಲಿ. 'ಆಜೀವ ಖಾತರಿ' ಎಂಬ ಮಾತಿನ ಆಯುಷ್ಯ ಕಮ್ಮಟದ ಆಯುಷ್ಯಕ್ಕಿಂತ ದೊಡ್ಡದಲ್ಲ. 1980ರ ದಶಕದಲ್ಲಿ ಹುಟ್ಟಿ ಬಹು ಖ್ಯಾತಿ ಗಳಿಸಿದ ಮರ್ಲಿನ್ ಕೂಡ ಹಲವು ಬಾರಿ ಕೈ ಬದಲಾಯಿಸಿತು.

ಚಿಕ್ಕ ತಯಾರಕರು ಸವಾರನ ದೇಹದ ಅಳತೆ ಪಡೆದು ನಕ್ಷೆ ಕಳುಹಿಸುತ್ತಾರೆ, ತಿಂಗಳುಗಟ್ಟಲೆ ಕಾಯಬೇಕಾದೀತು. ನಕ್ಷೆಗೆ ಒಪ್ಪಿಗೆ ಕೊಡುವಾಗ ಸವಾರಿಯ ದಾರಿಗಳು ನೆನಪಿನಲ್ಲಿರಲಿ. ಉಡುಪಿಯಿಂದ ಮಣಿಪಾಲದ ಏರು, ಕಾರ್ಕಳದಿಂದ ಬಜಗೋಳಿ ದಾಟಿ ಕುದುರೆಮುಖದತ್ತ ಸಾಗುವ ಘಾಟಿ ಇವಕ್ಕೆ ತಗ್ಗಿನ ಗೇರುಗಳು, ತುಸು ಅಗಲದ ಟೈರಿಗೆ ಜಾಗ, ಮಡ್‌ಗಾರ್ಡ್ ಬಿಗಿಯಲು ತೂತುಗಳು ಬೇಕು. ಪಂದ್ಯದ ಫ್ರೇಮುಗಳಲ್ಲಿ ಇವು ಹೆಚ್ಚಾಗಿ ಇರುವುದಿಲ್ಲ. ಬಾಟಮ್ ಬ್ರಾಕೆಟ್ ಮರೆಯುಳ್ಳದ್ದಾದರೆ ಬದಲಿಸುವುದು ಸುಲಭ.

ಇನ್ನು ಹಲವರು ಗಮನಿಸದ ಸಂಗತಿ: ಟೈಟಾನಿಯಂ ಫ್ರೇಮಿನೊಳಗೆ ಕುಳಿತ ಅಲ್ಯೂಮಿನಿಯಂ ಸೀಟ್ ಪೋಸ್ಟು ಉಪ್ಪುನೀರು ಸೇರಿದಾಗ ತಾನೇ ಕೊರೆದುಹೋಗುತ್ತದೆ. ಉಬ್ಬಿದ ಕಿಲುಬು ಅದನ್ನು ಫ್ರೇಮಿಗೆ ಕಚ್ಚಿಸಿಬಿಡುತ್ತದೆ. ಬಳಿಕ ಗರಗಸವೇ ಗತಿಯಾದೀತು. ಕಚ್ಚದಂತೆ ತಡೆಯುವ ಪೇಸ್ಟ್ ಹಚ್ಚಿ, ಮಳೆಗಾಲದಲ್ಲಿ ಕೆಲವು ವಾರಗಳಿಗೊಮ್ಮೆ ಪೋಸ್ಟನ್ನು ಹೊರತೆಗೆದು ಒರೆಸಬೇಕು. ಚೈನು, ಬೇರಿಂಗು, ಉಕ್ಕಿನ ಬೋಲ್ಟುಗಳಂತೂ ಎಂದಿನಂತೆ ತುಕ್ಕು ಹಿಡಿಯುತ್ತವೆ.

ವಿದೇಶದಿಂದ ತರಿಸುವಾಗ ಸೀಮಾಸುಂಕ, ಜಿಎಸ್‌ಟಿಗಳನ್ನು ಸಾಗಣೆ ಹಾಗೂ ವಿಮೆಯ ವೆಚ್ಚವನ್ನೂ ಕೂಡಿಸಿದ ಮೌಲ್ಯದ ಮೇಲೆ ಲೆಕ್ಕ ಹಾಕಲಾಗುತ್ತದೆ. ಫ್ರೇಮನ್ನಷ್ಟೇ ತರಿಸಿ, ಉಳಿದ ಭಾಗಗಳನ್ನು ಬೆಂಗಳೂರಿನ ಅಂಗಡಿಗಳಲ್ಲಿ ಕೊಂಡು ಜೋಡಿಸಿದರೆ ಹೊರೆ ಎಷ್ಟು ತಗ್ಗುತ್ತದೆಂದು ಆರ್ಡರ್ ಕೊಡುವ ಮುನ್ನವೇ ಲೆಕ್ಕಹಾಕಬಹುದು.