ಶಾಲೆ, ಕಚೇರಿ, ಹಳ್ಳಿಗೆ ಬೆಳ್ಳಿತೆರೆ ತಂದ 16 ಮಿ.ಮೀ. ಪ್ರೊಜೆಕ್ಟರ್

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕುಬಟೂರು ಕೈಟಭೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಊರು. ಮಲೆನಾಡಿನ ಅಂಚಿನ ಇಂತಹ ಹಳ್ಳಿಗಳಿಗೆ ಕಳೆದ ಶತಮಾನದಲ್ಲಿ ಸಿನಿಮಾ ಎಂದರೆ ಪೇಟೆಗೆ ಹೋಗಿ ನೋಡಬೇಕಾದ ಅಥವಾ ಟೂರಿಂಗ್ ಟಾಕೀಸ್‌ನವರು ಡೇರೆ ಹಾಕಿದಾಗ ಮಾತ್ರ ದೊರೆಯುವ ಮನರಂಜನೆಯಾಗಿತ್ತು. ಯಾವ ಚಿತ್ರ ನೋಡಬೇಕು ಎಂಬುದನ್ನು ನಿರ್ಧರಿಸುತ್ತಿದ್ದವರು ಚಿತ್ರಮಂದಿರದ ಮಾಲೀಕರು ಮತ್ತು ಹಂಚಿಕೆದಾರರು. ಈ ವ್ಯವಸ್ಥೆಯ ಹೊರಗೆ, ಶಾಲೆಯ ಕೊಠಡಿ, ಕಾರ್ಖಾನೆಯ ಸಭಾಂಗಣ ಹಾಗೂ ಊರಿನ ಬಯಲಿಗೆ ಚಲನಚಿತ್ರವನ್ನು ತಲುಪಿಸಿದ್ದು ಒಬ್ಬ ವ್ಯಕ್ತಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಒಂದು ಪೆಟ್ಟಿಗೆ. ಅದೇ 16 ಮಿಲಿಮೀಟರ್ ಪ್ರೊಜೆಕ್ಟರ್.

ಇಂದು ಈ ಯಂತ್ರಗಳು ಶಾಲಾ ಕಾಲೇಜುಗಳ ಉಗ್ರಾಣಗಳಲ್ಲಿ ಧೂಳು ತಿನ್ನುತ್ತಿವೆ, ಇಲ್ಲವೇ ಗುಜರಿ ಸೇರುತ್ತಿವೆ. ಯಂತ್ರದೊಂದಿಗೆ ಅದರಲ್ಲಿ ಓಡುತ್ತಿದ್ದ ಫಿಲ್ಮ್ ಹಾಗೂ ಅದನ್ನು ಓಡಿಸುವ ವಿದ್ಯೆಯೂ ಕಣ್ಮರೆಯಾಗುತ್ತಿರುವುದು ಕಳವಳದ ಸಂಗತಿ.

ಬೆಂಕಿಯ ಭಯ ನೀಗಿಸಿದ ಫಿಲ್ಮ್

ಚಿತ್ರಮಂದಿರಗಳಲ್ಲಿ ಬಳಸುತ್ತಿದ್ದ 35 ಮಿ.ಮೀ. ಫಿಲ್ಮ್ 1950ರ ದಶಕದ ಆರಂಭದವರೆಗೂ ಬಹುಪಾಲು ನೈಟ್ರೇಟ್‌ನಿಂದ ತಯಾರಾಗುತ್ತಿತ್ತು. ಇದು ಸುಲಭವಾಗಿ ಬೆಂಕಿ ಹತ್ತಿಕೊಳ್ಳುವ ವಸ್ತು. ಒಮ್ಮೆ ಹೊತ್ತಿದರೆ ನೀರು ಸುರಿದರೂ ಆರದು. ಆದ್ದರಿಂದಲೇ ಪ್ರದರ್ಶನಕ್ಕೆ ಬೆಂಕಿ ನಿರೋಧಕ ಕೊಠಡಿ, ಪರವಾನಗಿ, ತರಬೇತಿ ಪಡೆದ ಆಪರೇಟರ್ ಅನಿವಾರ್ಯವಾಗಿದ್ದರು. ಮಕ್ಕಳು ಕುಳಿತ ತರಗತಿಯಲ್ಲಿ ಅಂತಹ ಫಿಲ್ಮ್ ಓಡಿಸುವುದು ಅಪಾಯಕ್ಕೆ ಆಹ್ವಾನ ನೀಡಿದಂತೆಯೇ ಸರಿ.

ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆ 1923ರಲ್ಲಿ 16 ಮಿ.ಮೀ. ಅಳತೆಯನ್ನು ಜಾರಿಗೆ ತಂದಾಗ ಅದಕ್ಕೆ ಬಳಸಿದ್ದು ಥಟ್ಟನೆ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮ್. ಮನೆಬಳಕೆಯ ಹವ್ಯಾಸಿಗಳಿಗೆಂದು ಬಂದ ಈ ಅಳತೆಗೆ 1930ರ ದಶಕದಲ್ಲಿ ಧ್ವನಿಯೂ ಸೇರಿತು. ಷಿಕಾಗೋದ ಬೆಲ್ ಅಂಡ್ ಹೋವೆಲ್ ಸಂಸ್ಥೆಯ 'ಫಿಲ್ಮೋಸೌಂಡ್' ಯಂತ್ರಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ತರಬೇತಿ ಮತ್ತು ಮನರಂಜನೆಗೆ ವ್ಯಾಪಕವಾಗಿ ಬಳಕೆಯಾದವು. ಯುದ್ಧ ಮುಗಿದ ನಂತರ ಇದೇ ವಿಧಾನ ಶಾಲೆ, ಆಸ್ಪತ್ರೆ, ಕಾರ್ಖಾನೆಗಳಿಗೆ ಹರಡಿತು.

ಯಂತ್ರ ಕೆಲಸ ಮಾಡುವ ಬಗೆ

ಪ್ರೊಜೆಕ್ಟರ್‌ನಲ್ಲಿ ಫಿಲ್ಮ್ ಸರಾಗವಾಗಿ ಹರಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ದೀಪದ ಮುಂದೆ ಅದು ಪ್ರತಿ ಸೆಕೆಂಡಿಗೆ 24 ಬಾರಿ ನಿಲ್ಲುತ್ತದೆ, 24 ಬಾರಿ ಸರಿಯುತ್ತದೆ. ಉಗುರಿನಂತಹ ಪುಟ್ಟ ಕೊಕ್ಕೆಯೊಂದು ಫಿಲ್ಮಿನ ಅಂಚಿನ ರಂಧ್ರಕ್ಕೆ ಸಿಕ್ಕಿಕೊಂಡು ಒಂದೊಂದೇ ಚೌಕಟ್ಟನ್ನು ಕೆಳಕ್ಕೆ ಎಳೆಯುತ್ತದೆ. ಎಳೆಯುವ ಕ್ಷಣದಲ್ಲಿ ತಿರುಗುವ ಷಟರ್ ಬೆಳಕನ್ನು ಮರೆಮಾಡುತ್ತದೆ. ಚೌಕಟ್ಟು ನಿಂತಿರುವಾಗಲೂ ಷಟರ್ ಬೆಳಕನ್ನು ಒಂದೆರಡು ಬಾರಿ ಕತ್ತರಿಸುವುದರಿಂದ ತೆರೆಯ ಮೇಲಿನ ಮಿಣುಕು ಕಣ್ಣಿಗೆ ಗೊತ್ತಾಗುವುದಿಲ್ಲ.

ಧ್ವನಿಯ ವ್ಯವಸ್ಥೆ ಇನ್ನೂ ಕುತೂಹಲಕರ. ಫಿಲ್ಮಿನ ಒಂದು ಅಂಚಿನಲ್ಲಿ ಬೆಳಕು-ನೆರಳಿನ ಗೆರೆಯಾಗಿ ಧ್ವನಿ ಅಚ್ಚಾಗಿರುತ್ತದೆ. ಸಣ್ಣ ದೀಪವೊಂದರ ಬೆಳಕು ಈ ಗೆರೆಯನ್ನು ಹಾಯ್ದು ಫೋಟೋಸೆಲ್ ಮೇಲೆ ಬಿದ್ದು ವಿದ್ಯುತ್ ಸಂಕೇತವಾಗುತ್ತದೆ. ಚಿತ್ರಕ್ಕೆ ನಿಲ್ಲುವ ಚಲನೆ ಬೇಕು, ಧ್ವನಿಗೆ ನಿಲ್ಲದ ಚಲನೆ ಬೇಕು. ಆದ್ದರಿಂದ 16 ಮಿ.ಮೀ. ಫಿಲ್ಮಿನಲ್ಲಿ ಧ್ವನಿಯನ್ನು ಅದರ ಚಿತ್ರಕ್ಕಿಂತ 26 ಚೌಕಟ್ಟು ಮುಂದೆ ಅಚ್ಚು ಹಾಕಲಾಗುತ್ತದೆ. ಫಿಲ್ಮ್ ಏರಿಸುವಾಗ ಬಿಡಬೇಕಾದ ಸಡಿಲ ಸುರುಳಿಯ ಅಳತೆ ತಪ್ಪಿದರೆ ಪಾತ್ರಧಾರಿಯ ತುಟಿಗೂ ಮಾತಿಗೂ ತಾಳೆಯಾಗದು. ಸುರುಳಿ ಕಳೆದುಹೋದರೆ ಚಿತ್ರ ಕುಣಿಯುತ್ತದೆ, ಫಿಲ್ಮಿನ ರಂಧ್ರಗಳು ಹರಿಯುತ್ತವೆ. ಯಂತ್ರ ಓಡಿಸುವವರ ಕೈಚಳಕ ಅಡಗಿದ್ದದ್ದು ಈ ಎರಡು ಸುರುಳಿಗಳಲ್ಲಿಯೇ.

ಒಂದು ನಿಮಿಷದ ಪ್ರದರ್ಶನಕ್ಕೆ 36 ಅಡಿ ಫಿಲ್ಮ್ ಬೇಕು. 400 ಅಡಿಯ ರೀಲು ಸುಮಾರು 11 ನಿಮಿಷ, 1600 ಅಡಿಯ ರೀಲು ಸುಮಾರು 44 ನಿಮಿಷ ಓಡುತ್ತದೆ. ಪಾಠದ ಅವಧಿಯೊಳಗೆ ಮುಗಿಯುವ ಹತ್ತು-ಹನ್ನೊಂದು ನಿಮಿಷದ ಸಾಕ್ಷ್ಯಚಿತ್ರಗಳು ಒಂದೇ ಪುಟ್ಟ ರೀಲಿನಲ್ಲಿ ಅಡಕವಾಗುತ್ತಿದ್ದವು.

ತರಗತಿಯಲ್ಲಿ, ಕಚೇರಿಯಲ್ಲಿ

ಶಿಕ್ಷಣ ಮತ್ತು ವಾಣಿಜ್ಯ ಕ್ಷೇತ್ರದಲ್ಲಿ 16 ಮಿ.ಮೀ. ಯಂತ್ರ ಒಂಟಿಯಾಗಿರಲಿಲ್ಲ. ಸ್ಥಿರಚಿತ್ರಗಳ ಫಿಲ್ಮ್‌ಸ್ಟ್ರಿಪ್ ಪ್ರೊಜೆಕ್ಟರ್, ಸ್ಲೈಡ್ ಪ್ರೊಜೆಕ್ಟರ್, ನಂತರ ಓವರ್‌ಹೆಡ್ ಪ್ರೊಜೆಕ್ಟರ್ ಇದರ ಸೋದರ ಯಂತ್ರಗಳು. ಫಿಲ್ಮ್‌ಸ್ಟ್ರಿಪ್ ಅಗ್ಗವಾದುದರಿಂದ ಶಿಕ್ಷಕರಿಗೆ ಪ್ರಿಯವಾಗಿತ್ತು. ಒಂದೇ ಚಿತ್ರವನ್ನು ಎಷ್ಟು ಹೊತ್ತು ಬೇಕಾದರೂ ತೆರೆಯ ಮೇಲೆ ನಿಲ್ಲಿಸಿ ವಿವರಿಸಬಹುದಿತ್ತು. ಕಂಪೆನಿಗಳ ಸಭೆಗಳಲ್ಲಿ ಸ್ಲೈಡ್‌ಗಳದ್ದೇ ಕಾರುಬಾರು. ಹೊಸ ಸರಕಿನ ಪರಿಚಯ, ಮಾರಾಟ ಪ್ರತಿನಿಧಿಗಳ ತರಬೇತಿ, ಕಾರ್ಮಿಕರ ಸುರಕ್ಷತೆಯ ಪಾಠಗಳಿಗೆ ಇವು ಬಳಕೆಯಾದವು. ಕೊಡಾಕ್ ಸಂಸ್ಥೆ ತನ್ನ ಸ್ಲೈಡ್ ಪ್ರೊಜೆಕ್ಟರ್‌ಗಳ ತಯಾರಿಕೆಯನ್ನು 2004ರಲ್ಲಿ ನಿಲ್ಲಿಸಿತು.

ಉದ್ಯಮ ಸಂಸ್ಥೆಗಳೇ ಚಿತ್ರ ತಯಾರಿಸಿದ್ದೂ ಉಂಟು. ತೈಲ ಕಂಪೆನಿ ಬರ್ಮಾ ಶೆಲ್ 1950ರ ದಶಕದಲ್ಲಿ ಭಾರತದಲ್ಲಿ ತನ್ನದೇ ಸಾಕ್ಷ್ಯಚಿತ್ರ ಘಟಕವನ್ನು ಹೊಂದಿತ್ತು. ಗ್ರಾಮಜೀವನ, ಕರಕುಶಲ ಕಲೆಗಳಂತಹ ವಿಷಯಗಳ ಮೇಲೆ ಅದು ನಿರ್ಮಿಸಿದ ಚಿತ್ರಗಳನ್ನು ಸಾಕ್ಷ್ಯಚಿತ್ರ ಚರಿತ್ರಕಾರರು ಇಂದಿಗೂ ಉಲ್ಲೇಖಿಸುತ್ತಾರೆ.

ಸರ್ಕಾರದ ವ್ಯಾನು

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ 1948ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಸ್ಥಾಪಿಸಿತು. ಇಲ್ಲಿ ತಯಾರಾದ ಸಾಕ್ಷ್ಯಚಿತ್ರ ಹಾಗೂ ಸಮಾಚಾರ ಚಿತ್ರಗಳು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ನಿರೂಪಣೆಯೊಂದಿಗೆ ಹೊರಬರುತ್ತಿದ್ದವು. ಚಿತ್ರಮಂದಿರಗಳಿಗೆ 35 ಮಿ.ಮೀ. ಪ್ರತಿ, ಹಳ್ಳಿಗಳಿಗೆ 16 ಮಿ.ಮೀ. ಪ್ರತಿ ಎಂಬುದು ರೂಢಿ. ಪಂಚವಾರ್ಷಿಕ ಯೋಜನೆಗಳ ಪ್ರಚಾರಕ್ಕಾಗಿ 1953ರಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ ಕ್ಷೇತ್ರ ಪ್ರಚಾರ ನಿರ್ದೇಶನಾಲಯವಾಯಿತು. ಅದರ ವ್ಯಾನುಗಳು, ಹಾಗೆಯೇ ರಾಜ್ಯದ ವಾರ್ತಾ ಇಲಾಖೆಯ ವಾಹನಗಳು ಪ್ರೊಜೆಕ್ಟರ್, ತೆರೆ, ಧ್ವನಿವರ್ಧಕ, ಜನರೇಟರ್ ಹೊತ್ತು ಊರೂರು ಸುತ್ತಿದವು. ಕತ್ತಲಾದ ಮೇಲೆ ಶಾಲೆಯ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ಕುಟುಂಬ ಕಲ್ಯಾಣ, ಮಲೇರಿಯಾ ನಿಯಂತ್ರಣ, ಸುಧಾರಿತ ಬೇಸಾಯದ ಚಿತ್ರಗಳನ್ನು ತೋರಿಸುವುದು ಒಂದು ತಲೆಮಾರಿನ ಗ್ರಾಮೀಣರಿಗೆ ಪರಿಚಿತ ದೃಶ್ಯ.

ಈ ಪ್ರದರ್ಶನಗಳಿಗೆ ಹಣ ತೆರಬೇಕಿರಲಿಲ್ಲ ನಿಜ. ಆದರೆ ಆಯ್ಕೆಯೂ ಪ್ರೇಕ್ಷಕರ ಕೈಯಲ್ಲಿರಲಿಲ್ಲ. ಪೇಟೆಯಲ್ಲಿ ಹಂಚಿಕೆದಾರ ನಿರ್ಧರಿಸುತ್ತಿದ್ದ. ಇಲ್ಲಿ ಇಲಾಖೆ ನಿರ್ಧರಿಸುತ್ತಿತ್ತು. ಅದೇ ಯಂತ್ರವನ್ನು ಊರಿನವರೇ ತಮ್ಮ ಆಯ್ಕೆಗೆ ಬಳಸಿಕೊಂಡ ಪ್ರಯೋಗ ನಡೆದದ್ದು ಇದೇ ಶಿವಮೊಗ್ಗ ಜಿಲ್ಲೆಯ ಇನ್ನೊಂದು ಹಳ್ಳಿಯಲ್ಲಿ.

ಹೆಗ್ಗೋಡಿನ ಪ್ರಯೋಗ

ಸೊರಬಕ್ಕೆ ಹೊಂದಿಕೊಂಡಿರುವ ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ಬೆಳೆಗಾರರ ಊರು. 1949ರಲ್ಲಿ ಇಲ್ಲಿ ಹುಟ್ಟಿದ ನೀನಾಸಮ್ ನಾಟಕ ಸಂಸ್ಥೆಯಾಗಿ ನಾಡಿಗೆ ಪರಿಚಿತ. ಕೆ.ವಿ. ಸುಬ್ಬಣ್ಣ ಅವರ ನೇತೃತ್ವದಲ್ಲಿ 1973ರಲ್ಲಿ ಅದರ ಅಂಗವಾಗಿ ನೀನಾಸಮ್ ಚಿತ್ರಸಮಾಜ ಆರಂಭವಾಯಿತು. ಫಿಲ್ಮ್ ಸೊಸೈಟಿ ಎಂಬುದು ಮಹಾನಗರಗಳ ವಿದ್ಯಾವಂತರ ಚಟುವಟಿಕೆ ಎಂಬ ಭಾವನೆ ಗಟ್ಟಿಯಾಗಿದ್ದ ದಿನಗಳವು. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದು ಅದಕ್ಕೆ ಎರಡು ವರ್ಷ ಮೊದಲು, 1971ರಲ್ಲಿ.

ಚಿತ್ರಸಮಾಜಕ್ಕೆ ಒದಗಿಬಂದದ್ದು ಪುಣೆಯ ನಂಟು. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ದೇಶ ವಿದೇಶಗಳ ಶ್ರೇಷ್ಠ ಚಿತ್ರಗಳ 16 ಮಿ.ಮೀ. ಪ್ರತಿಗಳನ್ನು ಫಿಲ್ಮ್ ಸೊಸೈಟಿಗಳಿಗೆ ಒದಗಿಸುತ್ತಿತ್ತು. ಸಂಗ್ರಹಾಲಯದ ರೂವಾರಿ ಪಿ.ಕೆ. ನಾಯರ್ ಹಾಗೂ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಪ್ರಾಧ್ಯಾಪಕ ಸತೀಶ್ ಬಹಾದುರ್ ಹೆಗ್ಗೋಡಿನ ಕಾರ್ಯಕ್ಕೆ ಬೆಂಬಲವಾಗಿ ನಿಂತರು. 1977ರಲ್ಲಿ ಗ್ರಾಮೀಣ ಪ್ರೇಕ್ಷಕರಿಗಾಗಿಯೇ ಚಿತ್ರೋತ್ಸವ ನಡೆಯಿತು. ಆನಂತರ ಚಿತ್ರ ರಸಗ್ರಹಣ ಶಿಬಿರಗಳು ಮೊದಲಾದವು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಕುರೊಸಾವಾ ಅವರ 'ರಾಶೊಮಾನ್', ಡಿಸೀಕಾ ಅವರ 'ಬೈಸಿಕಲ್ ಥೀವ್ಸ್' ಮುಂತಾದ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನರು ಕುಳಿತು ನೋಡಿದರು.

88 ನಿಮಿಷದ 'ರಾಶೊಮಾನ್' 16 ಮಿ.ಮೀ. ಅಳತೆಯಲ್ಲಿ ಸರಿಸುಮಾರು ಎರಡು ದೊಡ್ಡ ರೀಲುಗಳಷ್ಟಾಗುತ್ತದೆ. ಯಂತ್ರ ಒಂದೇ ಇದ್ದಲ್ಲಿ ಇಂತಹ ಚಿತ್ರವನ್ನು ನಡುವೆ ನಿಲ್ಲಿಸಿ ರೀಲು ಬದಲಿಸಲೇಬೇಕು. ಚಿತ್ರಮಂದಿರದಲ್ಲಿ ಇದು ಕೊರತೆ. ಶಿಬಿರದಲ್ಲಿ ಇದೇ ಅನುಕೂಲ. ದೃಶ್ಯವೊಂದನ್ನು ನೋಡಿ, ದೀಪ ಹಾಕಿ, ಚರ್ಚಿಸಿ, ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ನೋಡುವ ಸ್ವಾತಂತ್ರ್ಯವನ್ನು ಈ ಯಂತ್ರ ನೀಡಿತು.

1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ 'ಜನಸ್ಪಂದನ' ಯೋಜನೆ ನಾಟಕ ಶಿಬಿರಗಳ ಜೊತೆಗೆ ಚಿತ್ರ ಪ್ರದರ್ಶನ, ರಸಗ್ರಹಣ ಶಿಬಿರಗಳನ್ನೂ ರಾಜ್ಯದ ವಿವಿಧೆಡೆಗೆ ಕೊಂಡೊಯ್ದಿತು. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಪಿ.ಕೆ. ನಾಯರ್ ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ನಿರ್ಮಿಸಿದ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನರು ದಶಕಗಳ ಹಿಂದೆ ಕಂಡ ಚಿತ್ರಗಳನ್ನು ನೆನೆಯುತ್ತಾರೆ ಎಂಬುದು ಗಮನಾರ್ಹ.

ತೆರೆಮರೆಗೆ ಸರಿದ ಬಗೆ

ಬದಲಾವಣೆಯ ಗಾಳಿ ಮೊದಲು ಬೀಸಿದ್ದು ಆಕಾಶದಿಂದ. 1975-76ರ ಉಪಗ್ರಹ ಟೆಲಿವಿಷನ್ ಪ್ರಯೋಗ (ಸೈಟ್) ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ತಲುಪಿಸಿತು. 1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ ಬಂದಿತು. ಕತ್ತಲೆ ಕೋಣೆ ಬೇಡ, ಫಿಲ್ಮ್ ಏರಿಸುವ ತಂಟೆ ಬೇಡ, ದೀಪ ಸುಡುವ ಚಿಂತೆ ಬೇಡ. ಶಾಲೆ, ಕಚೇರಿಗಳು ಸಹಜವಾಗಿಯೇ ಅತ್ತ ವಾಲಿದವು. 2004ರಲ್ಲಿ ಉಡಾವಣೆಯಾದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಪ್ರಸಾರವಾಗುವ ಹೊತ್ತಿಗೆ 16 ಮಿ.ಮೀ. ಹಳೆಯ ಮಾತಾಗಿತ್ತು.

ಸಂಸ್ಥೆಗಳ ಸ್ವರೂಪವೂ ಬದಲಾಗಿದೆ. ಕ್ಷೇತ್ರ ಪ್ರಚಾರ ನಿರ್ದೇಶನಾಲಯ 2017ರಲ್ಲಿ ಇತರ ಎರಡು ಘಟಕಗಳೊಂದಿಗೆ ವಿಲೀನಗೊಂಡಿತು. ಫಿಲ್ಮ್ಸ್ ಡಿವಿಷನ್ ಹಾಗೂ ಚಲನಚಿತ್ರ ಸಂಗ್ರಹಾಲಯ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿದವು.

ವಿನೆಗರ್ ವಾಸನೆಯ ಎಚ್ಚರಿಕೆ

ಯಂತ್ರಕ್ಕಿಂತ ಬೇಗ ಸಾಯುವುದು ಫಿಲ್ಮ್. ಬೆಂಕಿಯಿಂದ ರಕ್ಷಿಸಿದ ಅಸಿಟೇಟ್ ಶಾಖ ಮತ್ತು ತೇವಕ್ಕೆ ಸೋಲುತ್ತದೆ. ನಿಧಾನವಾಗಿ ಕೊಳೆಯುತ್ತ ಅಸಿಟಿಕ್ ಆಮ್ಲ ಬಿಡುಗಡೆ ಮಾಡುತ್ತದೆ. ಡಬ್ಬಿ ತೆರೆದೊಡನೆ ಮೂಗಿಗೆ ಅಡರುವ ಹುಳಿ ವಾಸನೆಯೇ ಇದರ ಗುರುತು. ಆ ಆಮ್ಲವೇ ಕೊಳೆತವನ್ನು ಮತ್ತಷ್ಟು ಚುರುಕುಗೊಳಿಸುತ್ತದೆ, ಪಕ್ಕದ ಡಬ್ಬಿಗಳಿಗೂ ಹರಡುತ್ತದೆ. 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 50ರ ಆರ್ದ್ರತೆಯಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ಈ ರೋಗ ತಗಲಲು ಸುಮಾರು 40 ವರ್ಷ ಬೇಕು ಎಂಬುದು ಸಂರಕ್ಷಣಾ ತಜ್ಞರ ಅಂದಾಜು. ತಿಂಗಳುಗಟ್ಟಲೆ ಮಳೆ ಹೊಯ್ಯುವ ಮಲೆನಾಡಿನಲ್ಲಿ ಕಬ್ಬಿಣದ ಬೀರುವಿನಲ್ಲಿಟ್ಟ ರೀಲಿಗೆ ಅಷ್ಟು ಆಯುಸ್ಸು ಸಿಗುವುದು ಕಷ್ಟ.

ಹಳೆಯ ಯಂತ್ರ, ರೀಲು ಸಿಕ್ಕಾಗ

ಶಾಲೆ ಅಥವಾ ಕಚೇರಿಯ ದಾಸ್ತಾನು ವಿಲೇವಾರಿ ಮಾಡುವಾಗ ಇಂತಹ ಪೆಟ್ಟಿಗೆ ದೊರೆತರೆ ಗಮನಿಸಬೇಕಾದ ಅಂಶಗಳಿವು:

* ತಕ್ಷಣ ವಿದ್ಯುತ್ ಸಂಪರ್ಕ ಕೊಡಬಾರದು. ಅಮೆರಿಕದ ಹಲವು ಯಂತ್ರಗಳು 110 ವೋಲ್ಟ್‌ನವು. ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಇಲ್ಲದೆ 230 ವೋಲ್ಟ್ ಹರಿಸಿದರೆ ಸುಟ್ಟುಹೋಗುತ್ತವೆ.
* ಮೊದಲು ಕೈಯಿಂದ ತಿರುಗಿಸುವ ಗುಬುಟದಿಂದ ಕೊಕ್ಕೆ ಮತ್ತು ಷಟರ್ ಸರಾಗವಾಗಿ ಚಲಿಸುತ್ತವೆಯೇ ನೋಡಬೇಕು. ರಬ್ಬರ್ ಬೆಲ್ಟ್ ಗಟ್ಟಿಯಾಗಿದ್ದರೆ ಬದಲಿಸಬೇಕು.
* ಸಿಕ್ಕ ರೀಲನ್ನೇ ಹಾಕಿ ಯಂತ್ರ ಪರೀಕ್ಷಿಸಬಾರದು. ಅದು ಉಳಿದಿರುವ ಏಕೈಕ ಪ್ರತಿಯಾಗಿರಬಹುದು. ಕುಗ್ಗಿದ ಫಿಲ್ಮನ್ನು ಕೊಕ್ಕೆ ಹರಿದುಹಾಕುತ್ತದೆ.
* ಫಿಲ್ಮಿನ ಎರಡೂ ಅಂಚಿನಲ್ಲಿ ರಂಧ್ರಗಳಿದ್ದರೆ ಅದು ಸಾಮಾನ್ಯವಾಗಿ ಮೂಕಿಚಿತ್ರ. ಒಂದೇ ಅಂಚಿನಲ್ಲಿದ್ದರೆ ಧ್ವನಿ ಇರುವ ಸಾಧ್ಯತೆ ಹೆಚ್ಚು.
* ಹುಳಿ ವಾಸನೆಯ ರೀಲುಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡುವ ತಂಪಾದ ಒಣ ಜಾಗದಲ್ಲಿ ಇಡಬೇಕು.
* ಡಬ್ಬಿಯ ಮೇಲಿನ ಚೀಟಿ, ಸಂಖ್ಯೆ, ಶಾಲೆಯ ಮೊಹರು ಯಾವುದನ್ನೂ ಕೀಳಬಾರದು. ಚಿತ್ರದ ಗುರುತು ಹಿಡಿಯಲು ಅವೇ ಆಧಾರ.

ಪುಣೆಯ ಸಂಗ್ರಹಾಲಯ ಹಾಗೂ ಮುಂಬಯಿಯಲ್ಲಿ 2014ರಲ್ಲಿ ಸ್ಥಾಪನೆಯಾದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಹಳೆಯ ಫಿಲ್ಮ್‌ಗಳ ಸಂರಕ್ಷಣೆಯಲ್ಲಿ ತೊಡಗಿರುವ ಪ್ರಮುಖ ಸಂಸ್ಥೆಗಳು. ಕಥಾಚಿತ್ರಗಳ ಪ್ರತಿ ಬೇರೆಲ್ಲಾದರೂ ಉಳಿದಿರಬಹುದು. ಆದರೆ ಶಾಲೆಯ ವಾರ್ಷಿಕೋತ್ಸವ, ಅಣೆಕಟ್ಟೆಯ ಕಾಮಗಾರಿ, ಕಾರ್ಖಾನೆಯ ತರಬೇತಿಯ ಚಿತ್ರಗಳಿಗೆ ಎರಡನೇ ಪ್ರತಿ ಇರುವುದು ವಿರಳ.

ಪೆಟ್ಟಿಗೆಯೊಂದನ್ನು ಗಾಜಿನ ಕಪಾಟಿನಲ್ಲಿ ಇಟ್ಟ ಮಾತ್ರಕ್ಕೆ ಪ್ರೊಜೆಕ್ಟರ್ ಉಳಿದಂತಾಗದು. ಫಿಲ್ಮ್, ಬಿಡಿಭಾಗ ಮತ್ತು ಸುರುಳಿ ಬಿಡಲು ಬಲ್ಲ ಕೈ, ಈ ಮೂರೂ ಇದ್ದರೆ ಮಾತ್ರ ತೆರೆಯ ಮೇಲೆ ಬೆಳಕು ಮೂಡುತ್ತದೆ. ಆ ಕೈಗಳಿಗೆ ಈಗ ವಯಸ್ಸಾಗಿದೆ. ಗುಜರಿಯ ತಕ್ಕಡಿಗೆ ಏರುವ ಮೊದಲು ಡಬ್ಬಿಯೊಳಗೆ ಏನಿದೆ ಎಂದು ಒಮ್ಮೆ ನೋಡುವಷ್ಟು ವ್ಯವಧಾನವನ್ನು ಸಂಸ್ಥೆಗಳು ತೋರಬೇಕಿದೆ.

ಪ್ರಮುಖ ಘಟ್ಟಗಳು

1923: ಕೊಡಾಕ್‌ನಿಂದ 16 ಮಿ.ಮೀ. ಅಳತೆ
1948: ಫಿಲ್ಮ್ಸ್ ಡಿವಿಷನ್ ಸ್ಥಾಪನೆ
1964: ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ
1973: ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ
1975-76: ಉಪಗ್ರಹ ಟೆಲಿವಿಷನ್ ಪ್ರಯೋಗ
1983-85: 'ಜನಸ್ಪಂದನ' ಯೋಜನೆ
2004: ಕೊಡಾಕ್ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ಸ್ಥಗಿತ
2022: ಫಿಲ್ಮ್ಸ್ ಡಿವಿಷನ್, ಸಂಗ್ರಹಾಲಯಗಳ ವಿಲೀನ