ಬೆಂಕಿ ಆರಿಸಲು ರೋಬಾಟ್ ಬಂದರೆ ಅಗ್ನಿಶಾಮಕ ಸಿಬ್ಬಂದಿ ಬೇಡವೇ?

ಬೆಂಕಿಗೆ ನುಗ್ಗಿ ನೀರು ಹಾಯಿಸುವ ರೋಬಾಟ್‌ನ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇಂಥ ವಿಡಿಯೋ ನೋಡಿದವರಲ್ಲಿ ಕೆಲವರು ‘ಇನ್ನು ಅಗ್ನಿಶಾಮಕ ಸಿಬ್ಬಂದಿ ಬೇಕಿಲ್ಲ’ ಎನ್ನುತ್ತಾರೆ. ಇನ್ನು ಕೆಲವರು ‘ರಿಮೋಟ್ ಯಂತ್ರವನ್ನು ನಂಬಿ ಕೂತರೆ ಮನೆ ಸುಟ್ಟೇಹೋಗುತ್ತದೆ’ ಎನ್ನುತ್ತಾರೆ. ಎರಡೂ ಸರಿಯಲ್ಲ. ಪ್ಯಾರಿಸ್‌ನಲ್ಲಿ ನಡೆದ ಒಂದು ಘಟನೆಯಿಂದ ಇದನ್ನು ಅರ್ಥ ಮಾಡಿಕೊಳ್ಳೋಣ.

ನೊಟ್ರೆ ಡಾಮ್‌ನಲ್ಲಿ ಆಗಿದ್ದೇನು?

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್‌ನ ಪ್ರಸಿದ್ಧ ನೊಟ್ರೆ ಡಾಮ್ ಚರ್ಚಿನ ಮರದ ಚಾವಣಿಗೆ ಬೆಂಕಿ ಬಿತ್ತು. ಗೋಪುರದಂತಿದ್ದ ಚೂಪು ಶಿಖರ ಉರಿಯುತ್ತಲೇ ಕುಸಿಯಿತು. ಮೇಲಿಂದ ಸುಡುವ ತೊಲೆಗಳು, ಕರಗಿದ ಸೀಸ ಬೀಳತೊಡಗಿದವು. ಒಳಗಿದ್ದ ಸಿಬ್ಬಂದಿಯನ್ನು ಹೊರಗೆ ಕರೆಸಿಕೊಂಡು, ಆ ಜಾಗಕ್ಕೆ ‘ಕೊಲೋಸಸ್’ ಎಂಬ ರೋಬಾಟನ್ನು ಕಳಿಸಲಾಯಿತು. ಸುಮಾರು 500 ಕೆ.ಜಿ. ತೂಕದ ಇದು ಟ್ಯಾಂಕ್‌ನಂಥ ಪಟ್ಟಿಗಳ ಮೇಲೆ ಚಲಿಸುತ್ತದೆ. ಒಳಗೆ ನೀರು ಚಿಮ್ಮಿಸಿ ಬಿಸಿ ಇಳಿಸಲು ಅದು ನೆರವಾಯಿತು.

ಹಾಗಾದರೆ ಚರ್ಚನ್ನು ಉಳಿಸಿದ್ದು ರೋಬಾಟೇ?

ರೋಬಾಟ್ ಒಂದೇ ಅಲ್ಲ. ಅಂದು ದುಡಿದವರು ಸುಮಾರು 400 ಅಗ್ನಿಶಾಮಕ ಸಿಬ್ಬಂದಿ. ಬೆಂಕಿ ಉತ್ತರದ ಗೋಪುರಕ್ಕೂ ತಗುಲಿತ್ತು. ಅಲ್ಲಿನ ಭಾರಿ ಗಂಟೆಗಳನ್ನು ಹೊತ್ತ ಮರದ ಚೌಕಟ್ಟು ಸುಟ್ಟರೆ ಗಂಟೆಗಳು ಬಿದ್ದು ಇಡೀ ಗೋಪುರವೇ ಉರುಳುವ ಭಯವಿತ್ತು. ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಪೈಪು ಹಿಡಿದು ಆ ಬೆಂಕಿಯನ್ನು ತಡೆದದ್ದು ಮನುಷ್ಯರೇ. ಒಂದೇ ಕಟ್ಟಡದಲ್ಲಿ ಒಂದು ಕಡೆಯಿಂದ ಜನರನ್ನು ಹಿಂದಕ್ಕೆ ಕರೆಸಿ, ಇನ್ನೊಂದು ಕಡೆಗೆ ಜನರನ್ನೇ ಕಳಿಸಬೇಕಾಯಿತು. ಆ ನಿರ್ಧಾರವನ್ನು ತೆಗೆದುಕೊಂಡದ್ದೂ ಅಧಿಕಾರಿಗಳೇ. ಈ ದುರಂತದಲ್ಲಿ ಯಾರೂ ಸಾಯಲಿಲ್ಲ.

ಇಂಥ ರೋಬಾಟ್ ತಾನೇ ಯೋಚಿಸುತ್ತದೆಯೇ?

ಇಲ್ಲ. ದೂರದಲ್ಲಿ ನಿಂತ ಆಪರೇಟರ್ ಕ್ಯಾಮೆರಾದ ಚಿತ್ರ ನೋಡುತ್ತಾ ಅದನ್ನು ನಡೆಸುತ್ತಾನೆ. ನೀರು ಕೂಡ ಅದರ ಹೊಟ್ಟೆಯಲ್ಲಿ ಇರುವುದಿಲ್ಲ. ಹಿಂದೆ ಎಳೆದುಕೊಂಡು ಹೋಗುವ ಪೈಪಿನಿಂದ ಬರುತ್ತದೆ. ಅಂದರೆ ರೋಬಾಟ್ ಎಂಬುದು ಸಿಬ್ಬಂದಿಯ ಉದ್ದನೆಯ ಕೈ ಇದ್ದಂತೆ. ‘ಒಳಗೆ ಇನ್ನೂ ಯಾರಾದರೂ ಇದ್ದಾರಾ?’ ಎಂದು ಅಕ್ಕಪಕ್ಕದವರನ್ನು ವಿಚಾರಿಸಿ ದಾರಿ ಬದಲಿಸುವ ಕೆಲಸ ಆಪರೇಟರ್‌ನದೇ.

ಮನುಷ್ಯರು ತಪ್ಪುವುದಿಲ್ಲವೇ?

ತಪ್ಪುತ್ತಾರೆ. ಅದೇ ಸಂಜೆ ಸುಮಾರು 6:20ಕ್ಕೆ ಚರ್ಚಿನ ಅಲಾರಂ ಹೊಡೆದುಕೊಂಡಿತ್ತು. ಆದರೆ ಸೂಚನೆ ಗೊಂದಲವಾಗಿ ಕಾವಲುಗಾರ ಮೊದಲು ಬೇರೆಯೇ ಕಟ್ಟಡದ ಅಟ್ಟಕ್ಕೆ ಹೋದ. ನಿಜವಾದ ಜಾಗ ಗೊತ್ತಾಗುವಷ್ಟರಲ್ಲಿ ಸುಮಾರು ಅರ್ಧ ಗಂಟೆ ಕಳೆದಿತ್ತು. ಯಂತ್ರ ಕೂಗಿತ್ತು, ಆದರೆ ಅದರ ಮಾತು ಜನರಿಗೆ ಸರಿಯಾಗಿ ತಲುಪಲಿಲ್ಲ.

ನಮ್ಮ ದೇಶದಲ್ಲಿ ಇವೆಯೇ?

ಇವೆ. 2022ರ ಮೇ ತಿಂಗಳಲ್ಲಿ ದೆಹಲಿಯ ಅಗ್ನಿಶಾಮಕ ಸೇವೆಗೆ ಇಂಥ ಎರಡು ರೋಬಾಟ್‌ಗಳು ಸೇರಿದವು. ಇಕ್ಕಟ್ಟಾದ ಗಲ್ಲಿ, ರಾಸಾಯನಿಕ ತುಂಬಿದ ಗೋದಾಮುಗಳಂಥ ಕಡೆ ಸಿಬ್ಬಂದಿಯ ಜೀವ ಪಣಕ್ಕಿಡದೆ ಕೆಲಸ ಮಾಡಲು ಇವು ನೆರವಾಗುತ್ತವೆ.

ಕೊನೆಯ ಮಾತು

ಕುಸಿಯುವ ಚಾವಣಿ, ಸಿಡಿಯುವ ಸಿಲಿಂಡರ್, ವಿಷದ ಹೊಗೆ ಇದ್ದಲ್ಲಿ ಯಂತ್ರವನ್ನು ಮುಂದೆ ಕಳಿಸುವುದೇ ಜಾಣತನ. ಜನರನ್ನು ಹುಡುಕಲು, ಹೊರತರಲು, ಎಲ್ಲಿ ಯಾರನ್ನು ಕಳಿಸಬೇಕೆಂದು ನಿರ್ಧರಿಸಲು ತರಬೇತಾದ ಸಿಬ್ಬಂದಿಯೇ ಬೇಕು. ‘ಸಿಬ್ಬಂದಿ ಬೇಡ’ ಎನ್ನುವ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಬೆಂಕಿ ಕಂಡರೆ ವಿಡಿಯೋ ಮಾಡುತ್ತಾ ನಿಲ್ಲದೆ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ 112ಕ್ಕೆ ಕರೆ ಮಾಡಿ.