ಕಾಣದ ಮರಕ್ಕೂ ಎಣ್ಣೆ: ಕುಶಲಕರ್ಮಿಯ ಇಹ್ಸಾನ್

ಕೈಕೆಲಸವನ್ನು ಕೀಳೆಂದು ಕಾಣುವ ಮನೋಭಾವ ನಮ್ಮ ಕುಟುಂಬಗಳಲ್ಲೂ ಬೇರೂರುತ್ತಿದೆ. ಆದರೆ ಪವಿತ್ರ ಕುರ್‌ಆನ್ ಒಬ್ಬ ಪ್ರವಾದಿಯನ್ನೇ ಕುಶಲಕರ್ಮಿಯಾಗಿ ನಮಗೆ ಪರಿಚಯಿಸುತ್ತದೆ. ಅಲ್ಲಾಹನು ಹಝ್ರತ್ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನು. ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಹೆಣೆಯುವಂತೆ ಆದೇಶಿಸಿ, ಅದರೊಂದಿಗೇ ಸತ್ಕರ್ಮವನ್ನೂ ಆಜ್ಞಾಪಿಸಿದನು (ಸಬಾ: 10-11). ಕಸುಬಿನ ನಿಷ್ಠೆ ಮತ್ತು ಧರ್ಮನಿಷ್ಠೆ ಇಲ್ಲಿ ಜೊತೆಯಾಗಿಯೇ ಬಂದಿವೆ.

ಆ ನಿಷ್ಠೆ ಕೆಲಸದಲ್ಲಿ ಹೇಗೆ ಕಾಣುತ್ತದೆಂಬುದಕ್ಕೆ ಬಂದೂಕಿನ ಮರದ ಹಿಡಿಯ ಚರಿತ್ರೆ ಒಂದು ನಿದರ್ಶನ. 1814ರಲ್ಲಿ ಜೇಮ್ಸ್ ಪರ್ಡಿ ಲಂಡನ್ನಿನಲ್ಲಿ ತಮ್ಮ ಬಂದೂಕು ತಯಾರಿಕೆಯನ್ನು ಆರಂಭಿಸಿದರು. ಅಂತಹ ಮನೆತನಗಳು ಹಿಡಿಗೆ ಅಕ್ರೋಟ್ ಮರವನ್ನು ಆರಿಸಿಕೊಂಡವು. ಟರ್ಕಿಯ ಮರಕ್ಕೆ ವಿಶೇಷ ಮನ್ನಣೆಯಿತ್ತು. ಮರಕ್ಕೆ ಕೆಂಪು ಛಾಯೆ ನೀಡಲು ಅಲ್ಕನೆಟ್ ಎಂಬ ಬೇರನ್ನು ಅಗಸೆ ಎಣ್ಣೆಯಲ್ಲಿ ನೆನೆಸುತ್ತಿದ್ದರು. ಆ ಹೆಸರಿನ ಮೂಲವು ಸ್ಪೇನಿನ ಭಾಷೆಯ ಮೂಲಕ ಅರಬಿಯ 'ಅಲ್-ಹಿನ್ನಾ', ಅಂದರೆ ನಮ್ಮ ಮದರಂಗಿಯ ಹೆಸರನ್ನು ತಲುಪುತ್ತದೆ.

ಈ ಕೆಲಸಕ್ಕೆ ಬೇಕಾದುದು ಸಹನೆ. ಮೊದಲು ಮರವನ್ನು ಒದ್ದೆ ಮಾಡುತ್ತಾರೆ. ಒಣಗುವಾಗ ಎದ್ದು ನಿಲ್ಲುವ ಸಣ್ಣ ಎಳೆಗಳನ್ನು ಉಜ್ಜಿ ತೆಗೆಯುತ್ತಾರೆ. ಬಳಿಕ ಕೆಲವೇ ಹನಿ ಎಣ್ಣೆಯನ್ನು ಅಂಗೈಯಿಂದ ತಿಕ್ಕುತ್ತಾರೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅವಸರದಿಂದ ದಪ್ಪಗೆ ಬಳಿದರೆ ಅಂಟುಅಂಟಾಗಿಯೇ ಉಳಿಯುತ್ತದೆ. ಆದ್ದರಿಂದ ತೆಳುವಾದ ಒಂದೊಂದೇ ಲೇಪವನ್ನು ಒಣಗಲು ಬಿಟ್ಟು, ವಾರಗಟ್ಟಲೆ ಈ ಕ್ರಿಯೆಯನ್ನು ಮುಂದುವರಿಸಬೇಕು.

ನಿಜವಾದ ಪರೀಕ್ಷೆ ಇರುವುದು ಕಣ್ಣಿಗೆ ಕಾಣದ ಕಡೆ. ಲೋಹದ ಭಾಗಗಳು ಕೂರುವ ಒಳಗುಳಿ, ಭುಜಕ್ಕೆ ಆನಿಸುವ ತುದಿಯ ಮುಚ್ಚಿದ ಮರ: ಇವುಗಳನ್ನು ಕೊಳ್ಳುವವನು ನೋಡುವುದಿಲ್ಲ. ಆದರೆ ತೇವ ಒಳಹೊಕ್ಕುವುದು ಅಲ್ಲಿಂದಲೇ. ಅಲ್ಲಿ ಎಣ್ಣೆ ಹಚ್ಚದಿದ್ದರೆ ಮರ ಉಬ್ಬಬಹುದು, ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಹೊರಗಿನ ಹೊಳಪು ಆ ಲೋಪವನ್ನು ಕೆಲಕಾಲ ಮರೆಮಾಚೀತು, ಸರಿಪಡಿಸಲಾರದು.

ಅಲ್ಲಾಹನು ಪ್ರತಿಯೊಂದು ವಿಷಯದಲ್ಲೂ ಇಹ್ಸಾನನ್ನು ವಿಧಿಸಿದ್ದಾನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಮುಸ್ಲಿಮ್). ಸ್ವಂತ ಕೈಗಳ ದುಡಿಮೆಯ ಅನ್ನಕ್ಕಿಂತ ಉತ್ತಮ ಅನ್ನವಿಲ್ಲವೆಂದೂ, ದಾವೂದ್(ಅ)ರು ಹಾಗೆಯೇ ಉಣ್ಣುತ್ತಿದ್ದರೆಂದೂ ತಿಳಿಸಿದ್ದಾರೆ (ಬುಖಾರಿ). ಹೀಗಿರುವಾಗ ಬಡಗಿಯ, ದರ್ಜಿಯ, ಮೆಕ್ಯಾನಿಕ್‌ನ ಕಸುಬನ್ನು ಮಕ್ಕಳ ಮುಂದೆ ಹಗುರವಾಗಿ ಮಾತನಾಡುವ ಹಕ್ಕು ನಮಗೆಲ್ಲಿದೆ? ಕಸುಬು ಯಾವುದೇ ಆಗಲಿ, ಯಾರೂ ನೋಡದ ಭಾಗವನ್ನೂ ಅಲ್ಲಾಹನು ನೋಡುತ್ತಿದ್ದಾನೆಂಬ ಅರಿವನ್ನು ಅವರಲ್ಲಿ ಬೆಳೆಸೋಣ. ನಮ್ಮ ಕೈಗಳ ದುಡಿಮೆಯಲ್ಲಿ ಅವನು ಬರಕತ್ ಅನುಗ್ರಹಿಸಲಿ. ಆಮೀನ್.